ಒಡೆಯನಿಲ್ಲದ ಕೂಗು

ಬೆಟ್ಟದ ತೊರೆ ಇಳಿದು ಬಂದು ಮಡುವಾಗಿ ನಿಲ್ಲುತ್ತಿದ್ದ ಒಂದು ಕಾಡಿನಲ್ಲಿ, ಮರಗಳ ಮೇಲೆ ಕರಿಮೋರೆಯ ಕೋತಿಗಳಾದ ಮುಸುವಗಳೂ ಮರಗಳ ಕೆಳಗೆ ಜಿಂಕೆಗಳೂ ಬಹುಕಾಲ ಕೂಡಿ ಬಾಳಿದ್ದವು. ಮುಸುವಗಳ ಕಣ್ಣು ದೂರವನ್ನು ಕಾಣುತ್ತಿತ್ತು. ಜಿಂಕೆಗಳ ಮೂಗು ಗಾಳಿಯನ್ನು ಓದುತ್ತಿತ್ತು. ಚಿರತೆಯ ಸುಳಿವು ಯಾರಿಗೆ ಮೊದಲು ಹತ್ತಿದರೂ ಅವರು ಗಂಟಲೆತ್ತಿ ಕೂಗುತ್ತಿದ್ದರು. ಆ ಕೂಗಿಗೆ ಒಡೆಯನಿರಲಿಲ್ಲ. ಕೇಳಿದವರು ಓಡುತ್ತಿದ್ದರು, ಏರುತ್ತಿದ್ದರು, ಉಳಿಯುತ್ತಿದ್ದರು. ಆ ದಿನಗಳ ಸೊಗಸನ್ನು ಕಂಡವರು ಈಗ ವಿರಳ. ದಡದ ಅತ್ತಿಯ ಮರದಲ್ಲಿ ಮುಸುವಗಳು ಅರ್ಧ ತಿಂದು ಕೈಬಿಟ್ಟ ಹಣ್ಣು ಕೆಳಗಿನ ಜಿಂಕೆಗಳಿಗೆ ಹಬ್ಬದೂಟವಾಗುತ್ತಿತ್ತು. ಇಳಿಹೊತ್ತಿನಲ್ಲಿ ಮುಸುವದ ಮರಿಗಳು ಕೆಳಗಿಳಿದು ಜಿಂಕೆಮರಿಗಳ ಬಾಲವನ್ನು ಜಗ್ಗಿ ಓಡುತ್ತಿದ್ದವು. ತಾಯಂದಿರು ಯಾವ ಮರಿ ಯಾರದೆಂದು ನೋಡದೆ ಎಲ್ಲವನ್ನೂ ಗದರುತ್ತಿದ್ದರು.

ಹೀಗಿರಲು ಒಂದು ಬೇಸಿಗೆಯಲ್ಲಿ ತೊರೆ ಬತ್ತಿತು. ಮಡು ಅಂಗೈಯಗಲವಾಯಿತು. ನೀರಿಗಾಗಿ ನೂಕುನುಗ್ಗಲಾದಾಗ ಮುಸುವದ ಮರಿಯೊಂದು ಗೊರಸುಗಳ ಅಡಿಯಲ್ಲಿ ಸತ್ತಿತು. ಮರುದಿನ ಮರದಿಂದ ಬಿದ್ದ ಕೊಂಬೆಯೊಂದು ಜಿಂಕೆಮರಿಯ ಬೆನ್ನನ್ನು ಮುರಿಯಿತು. ಅದು ತಾನಾಗಿ ಬಿದ್ದದ್ದೋ, ಕೆಡವಿದ್ದೋ ಯಾರಿಗೂ ತಿಳಿಯಲಿಲ್ಲ. ತಿಳಿಯುವ ತಾಳ್ಮೆಯೂ ಯಾರಿಗೂ ಇರಲಿಲ್ಲ. ಅಲ್ಲಿಂದ ಮಾತು ನೆಲದ ಒಡೆತನಕ್ಕೆ ತಿರುಗಿತು. ತಮ್ಮ ಪೂರ್ವಜರು ಇಲ್ಲಿಯೇ ಹುಟ್ಟಿದವರೆಂದೂ, ಕಾಳ್ಗಿಚ್ಚು ಅವರನ್ನು ಚದುರಿಸಿತೆಂದೂ, ಕಂಡಕಂಡ ಕಾಡುಗಳಲ್ಲಿ ಅಟ್ಟಿಸಿಕೊಂಡು ಕಡೆಗೆ ಮರಳಿ ಬಂದವರಿಗೆ ಇದನ್ನು ಬಿಟ್ಟರೆ ಬೇರೆ ನೆಲೆಯಿಲ್ಲವೆಂದೂ ಮುಸುವಗಳ ನಾಯಕ ಶ್ಯಾಮಮುಖ ಹೇಳಿದನು. ಆ ಕಾಳ್ಗಿಚ್ಚಿನ ಬೂದಿಯ ಮೇಲೆ ಮೊದಲ ಹುಲ್ಲು ಚಿಗುರಿದಂದಿನಿಂದ ಇಲ್ಲಿ ಮೇಯ್ದವರು ತಾವೆಂದೂ, ತಮ್ಮ ಅಜ್ಜ ಮುತ್ತಜ್ಜರ ಎಲುಬುಗಳು ಈ ಮಣ್ಣಿನಲ್ಲಿಯೇ ಇವೆಯೆಂದೂ ಜಿಂಕೆಗಳ ನಾಯಕ ತುಂಗಶೃಂಗ ಹೇಳಿದನು. ಇಬ್ಬರ ಮಾತೂ ನಿಜವಾಗಿತ್ತು. ತೊಡಕು ಇದ್ದುದೇ ಅಲ್ಲಿ. ಮಡುವಿನ ಮೂಡಣ ದಡ ಜಿಂಕೆಗಳದು, ಪಡುವಣ ದಡ ಮುಸುವಗಳದು ಎಂದು ಗಡಿಯಾಯಿತು. ಮಳೆ ಬಂದು ಮಡು ತುಂಬಿದರೂ ಆ ಗಡಿ ಕರಗಲಿಲ್ಲ.

ಆ ಕಾಡಿನಲ್ಲಿ ಮಂದಹಾಸನೆಂಬ ನರಿಯೊಬ್ಬನಿದ್ದನು. ಚಿರತೆ ತಿಂದು ಬಿಟ್ಟದ್ದೇ ಅವನ ಜೀವನ. ಕೂಗಿನ ದೆಸೆಯಿಂದ ಚಿರತೆಗೆ ಬೇಟೆ ದೊರಕುತ್ತಿದ್ದುದೇ ಅಪರೂಪವಾದುದರಿಂದ ನರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಜಗಳದ ವಾರ್ತೆಯನ್ನು ಕೇಳಿ ಅವನು ಮೊದಲು ಶ್ಯಾಮಮುಖನಲ್ಲಿಗೆ ಬಂದು ತಲೆಬಾಗಿದನು.

"ಒಡೆಯಾ, ತಮ್ಮ ಕಾವಲುಗಾರರು ಮರದ ತುದಿಯಲ್ಲಿ ಬಿಸಿಲಿಗೆ ಬೇಯುತ್ತಾರೆ. ಅವರು ಕೂಗಿದೊಡನೆ ಓಡಿ ಬದುಕುವವರು ಯಾರು? ಆ ದಡದವರು. ಕಣ್ಣು ತಮ್ಮದು, ಆಯುಸ್ಸು ಅವರದು. ಇದು ಯಾವ ರಾಜನೀತಿ?"

ಹಾಗಾದರೆ ಏನು ಮಾಡಬೇಕೆಂದು ಶ್ಯಾಮಮುಖ ಕೇಳಿದನು. ಕೂಗುವುದನ್ನು ನಿಲ್ಲಿಸಿ, ಚಿರತೆ ಕಂಡಾಗ ಕೊಂಬೆಯನ್ನು ಮೆಲ್ಲನೆ ಎರಡು ಬಾರಿ ಅಲುಗಿಸಬೇಕು, ಅದು ತಮ್ಮವರಿಗೆ ಮಾತ್ರ ತಿಳಿದ ಗೂಢಸಂಜ್ಞೆಯಾಗಿರಬೇಕು ಎಂದು ನರಿ ಉಪದೇಶಿಸಿದನು. ಅಲ್ಲಿಂದ ನೇರವಾಗಿ ಮೂಡಣ ದಡಕ್ಕೆ ಹೋಗಿ ತುಂಗಶೃಂಗನಿಗೂ ಅದೇ ಮಾತನ್ನು ಹೇಳಿದನು. ಕಣ್ಣು ಎಂದಿದ್ದ ಕಡೆ ಮೂಗು ಎಂದನು, ಅಷ್ಟೇ ವ್ಯತ್ಯಾಸ. ಜಿಂಕೆಗಳು ಬಾಲವನ್ನು ಒಮ್ಮೆ ಎತ್ತಿ ಇಳಿಸುವುದೆಂದು ಗೊತ್ತಾಯಿತು. ಗಂಟಲೆತ್ತಿ ಕೂಗಿದವರನ್ನು ಹಿಂಡಿನಿಂದ ಹೊರಹಾಕಬೇಕೆಂದು ಎರಡು ದಡಗಳಲ್ಲಿಯೂ ಕಟ್ಟಳೆ ಹುಟ್ಟಿತು. ಮಂದಹಾಸ ಎರಡು ಕಡೆಗೂ ಗೂಢಚಾರನಾದನು. ಮುಸುವಗಳು ಅವನಿಗೆ ರಕ್ಷಾಮಣಿಯೆಂಬ ಬಿರುದನ್ನು ಕೊಟ್ಟವು. ಜಿಂಕೆಗಳು ಜಾಗೃತಸಿಂಹನೆಂದು ಕರೆದವು. ಸಿಂಹನೆಂಬ ಹೆಸರು ನರಿಗೆ ಬಹಳ ಹಿಡಿಸಿತು.

ಕಾಡು ಮೌನವಾಯಿತು. ಸಂಜ್ಞೆಯು ನೋಡಿದವರಿಗಷ್ಟೇ ಸಂಜ್ಞೆ. ಆಟದಲ್ಲಿ ಮುಳುಗಿದ ಮರಿ ಕೊಂಬೆಯತ್ತ ನೋಡೀತೆ? ಎರಡು ವರ್ಷಗಳೊಳಗೆ ಎರಡು ದಡಗಳ ಮರಿಗಳೂ ಒಂದರ ಹಿಂದೆ ಒಂದು ಚಿರತೆಯ ಪಾಲಾದವು. ಒಂದೊಂದು ಸಾವಿನ ಮರುದಿನವೂ ಮಂದಹಾಸ ತುಂಬಿದ ಹೊಟ್ಟೆಯಲ್ಲಿ ಬಂದು, ಎದುರು ದಡದವರೇ ಚಿರತೆಗೆ ದಾರಿ ತೋರಿಸಿದರೆಂಬ ರಹಸ್ಯವಾರ್ತೆಯನ್ನು ಒಪ್ಪಿಸುತ್ತಿದ್ದನು. ಮುಸುವಗಳ ಸಭೆಯಲ್ಲಿ ಧೂಸರೆಯೆಂಬ ಮುದುಕಿ ಎದ್ದು ನಿಂತು, ತನ್ನ ಬಾಲ್ಯದಲ್ಲಿ ಆ ಕೂಗು ನಿದ್ದೆಹೋದವರನ್ನೂ ಎಬ್ಬಿಸಿ ಮರ ಹತ್ತಿಸುತ್ತಿತ್ತೆಂದು ನೆನಪಿಸಿದಳು. ಜಿಂಕೆಯ ಮೂಗು ತನ್ನನ್ನು ಮೂರು ಬಾರಿ ಬದುಕಿಸಿತ್ತೆಂದೂ ಹೇಳಿದಳು. ತರುಣನೊಬ್ಬ, "ಅಜ್ಜಿಗೆ ಮುಪ್ಪಿನಲ್ಲಿ ಕೊಂಬು ಮೂಡುತ್ತಿದೆ, ನೋಡಿರಿ" ಎಂದನು. ಸಭೆ ನಕ್ಕಿತು. ಧೂಸರೆ ತಲೆಯನ್ನು ಸವರಿ ನೋಡಿಕೊಂಡು, "ಇನ್ನೂ ಇಲ್ಲ, ಮಗು. ಮೂಡಿದ ದಿನ ಮೊದಲು ನಿನಗೇ ತಿವಿದು ತಿಳಿಸುತ್ತೇನೆ" ಎಂದಳು. ಕಟ್ಟಳೆ ಮಾತ್ರ ಬದಲಾಗಲಿಲ್ಲ.

ಕೂಗು ಇದ್ದ ಕಾಲದಲ್ಲಿ ನರಿಯೂ ಅದನ್ನು ಕೇಳಿಯೇ ಚಿರತೆಯ ಇರವನ್ನರಿತು ಪಕ್ಕಕ್ಕೆ ಸರಿಯುತ್ತಿದ್ದನು. ತಾನು ನಂದಿಸಿದ ದೀಪದ ಬೆಳಕು ತನಗೂ ಬೇಕಿತ್ತೆಂಬುದು ಅವನಿಗೆ ಹೊಳೆಯಲಿಲ್ಲ. ಒಂದು ಮುಂಜಾನೆ ಅವನು ಕೊಬ್ಬಿದ ಮೈಯನ್ನು ಹೊತ್ತು, ಪಡುವಣ ದಡಕ್ಕೆ ಹೊಸದೊಂದು ಸುಳ್ಳನ್ನು ಒಯ್ಯುತ್ತ, ಮಡುವಿನ ಅಂಚಿನಲ್ಲಿ ನಡೆದಿದ್ದನು. ಎರಡು ದಿನಗಳಿಂದ ಬೇಟೆ ಸಿಗದ ಚಿರತೆ ಜೊಂಡಿನಲ್ಲಿ ಹೊಂಚಿತ್ತು. ಮರದ ಮೇಲಿನ ಕಾವಲುಗಾರ ಅದನ್ನು ಕಂಡನು; ಕಟ್ಟಳೆಯಂತೆ ಕೊಂಬೆಯನ್ನು ಎರಡು ಬಾರಿ ಅಲುಗಿಸಿದನು. ಎದುರು ದಡದ ಜಿಂಕೆಗೆ ವಾಸನೆ ಹತ್ತಿತು. ಕಟ್ಟಳೆಯಂತೆ ಬಾಲವನ್ನು ಎತ್ತಿ ಇಳಿಸಿದಳು. ಎರಡು ಸಂಜ್ಞೆಗಳೂ ಲೋಪವಿಲ್ಲದೆ ನಡೆದವು. ಅವುಗಳನ್ನು ಕಲಿಸಿದ ಗುರು ಮಾತ್ರ ತಲೆಯೆತ್ತಿ ನೋಡಲಿಲ್ಲ. ಅಂದು ಚಿರತೆಯ ಹಸಿವು ತೀರಿತು.

ನರಿ ಹೋದನು, ಅವನು ಬಿತ್ತಿದ ಸಂಶಯ ಹೋಗಲಿಲ್ಲ. ತಮ್ಮ ಗೂಢಚಾರನನ್ನು ಎದುರು ದಡದವರೇ ಕೊಲ್ಲಿಸಿದರೆಂದು ಎರಡು ದಡದವರೂ ನಂಬಿದರು.

ಕೆಲವು ದಿನಗಳ ಮೇಲೆ, ಹೊತ್ತು ಇಳಿಯುತ್ತಿದ್ದಾಗ, ಬಿಂದುಮತಿಯೆಂಬ ಜಿಂಕೆ ಮೂಡಣ ದಡದಲ್ಲಿ ಕಾವಲು ನಿಂತಿದ್ದಳು. ಅವಳ ಒಂದೇ ಮರಿಯನ್ನು ಹಿಂದಿನ ತಿಂಗಳು ಚಿರತೆ ಒಯ್ದಿತ್ತು. ದಾರಿ ತೋರಿಸಿದವರು ಮುಸುವಗಳೆಂದು ನರಿ ಅವಳಿಗೆ ಹೇಳಿದ್ದನು. ಅವಳ ಹಿಂಡು ದೂರದ ಬಯಲಿನಲ್ಲಿ ನಿರ್ಭಯವಾಗಿ ಮೇಯುತ್ತಿತ್ತು. ಎದುರು ದಡದಲ್ಲಿ ಧೂಸರೆಯ ಮೊಮ್ಮಗು ಒಂಟಿಯಾಗಿ ಇಳಿದು, ನೀರಿನಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಡುವಣ ಗಾಳಿ ಬೀಸಿತು. ಅದರಲ್ಲಿ ಚಿರತೆಯ ವಾಸನೆಯಿತ್ತು. ಸುಮ್ಮನಿದ್ದರೆ ಬಿಂದುಮತಿಗೆ ನಷ್ಟವೇನೂ ಇರಲಿಲ್ಲ; ಕೂಗಿದರೆ ಹಿಂಡೇ ಇಲ್ಲ. ಹಿಂಡಿಲ್ಲದ ಜಿಂಕೆ ಎಷ್ಟು ದಿನ ಬದುಕೀತು? ಅವಳು ಬಾಲವನ್ನು ಎತ್ತಿದಳು, ಇಳಿಸಿದಳು. ಮರಿ ತನ್ನ ಬಿಂಬದೊಡನೆ ಆಡುತ್ತಲೇ ಇತ್ತು. ಆಗ ಅವಳು ಗಂಟಲೆತ್ತಿ ಕೂಗಿದಳು.

ಮರಿ ಓಡಲಿಲ್ಲ. ಅದು ಹುಟ್ಟಿದ್ದು ಮೌನದ ಕಾಡಿನಲ್ಲಿ; ಆ ಕೂಗಿನ ಅರ್ಥವನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ತಲೆಯನ್ನು ಓರೆಮಾಡಿ, ಇದೆಂಥ ಹೊಸ ಹಾಡು ಎಂಬಂತೆ ಕೇಳುತ್ತ ನಿಂತಿತು. ಆದರೆ ಅತ್ತಿಯ ಮರದಲ್ಲಿ ತೂಕಡಿಸುತ್ತಿದ್ದ ಧೂಸರೆಗೆ ಆ ದನಿ ಎಲುಬಿನೊಳಗೆ ಕೇಳಿಸಿತು. ಚಿರತೆ ಎಲ್ಲಿದೆಯೆಂದು ಅವಳು ನೋಡಲೂ ಇಲ್ಲ. ಕೊಂಬೆಯಿಂದ ನೆಟ್ಟಗೆ ಧುಮುಕಿದಳು, ಮರಿಯನ್ನು ಬಾಚಿಕೊಂಡಳು, ಮರವನ್ನೇರಿದಳು. ಚಿರತೆಯ ಪಂಜಕ್ಕೆ ಅವಳ ಅರ್ಧ ಬಾಲ ಮಾತ್ರ ಸಿಕ್ಕಿತು.

ತುಂಗಶೃಂಗ ಬಿಂದುಮತಿಯನ್ನು ಸಭೆಗೆ ಕರೆಸಿ, ಶತ್ರುವಿನ ಮರಿಗಾಗಿ ಕೂಗಿದ್ದು ನಿಜವೇ ಎಂದು ಕೇಳಿದನು.

"ಚಿರತೆ ಬಂದಿತೆಂದು ಕೂಗಿದೆ, ಒಡೆಯಾ. ನನ್ನ ಮರಿಯನ್ನು ಒಯ್ದ ದಿನ ಹೀಗೆ ಯಾರಾದರೂ ಕೂಗಿದ್ದರೆ, ಆ ಬಾಯಿ ಯಾರದೆಂದು ನಾನು ಕೇಳುತ್ತಿರಲಿಲ್ಲ."

ಆದರೂ ಕಟ್ಟಳೆ ಕಟ್ಟಳೆಯೇ ಎಂದು ತುಂಗಶೃಂಗ ಅವಳನ್ನು ಹೊರಹಾಕಿದನು. ಅವಳು ಮಡುವನ್ನು ಬಳಸಿ ಬಂದು ಅತ್ತಿಯ ಮರದ ಕೆಳಗೆ ನಿಂತಳು. ಮೇಲಿನಿಂದ ಧೂಸರೆ ಒಂದು ಹಣ್ಣನ್ನು ಕೆಡವಿದಳು.

"ತಿನ್ನು, ಮಗಳೇ. ನನಗೆ ಬಾಲ ಹೋಯಿತು, ಕಣ್ಣಿದೆ. ನಿನಗೆ ಹಿಂಡು ಹೋಯಿತು, ಮೂಗಿದೆ. ಇಬ್ಬರೂ ಸೇರಿದರೆ ಒಂದು ಪೂರ್ತಿ ಪ್ರಾಣಿಯಾದೀತು."

"ಅಜ್ಜಿ, ಆ ಪ್ರಾಣಿಗೆ ಕೊಂಬಿಲ್ಲ, ಬಾಲವೂ ಅರ್ಧ" ಎಂದಳು ಬಿಂದುಮತಿ. ಮರಿಯನ್ನು ಕಳೆದುಕೊಂಡ ಮೇಲೆ ಅವಳು ನಕ್ಕದ್ದು ಅಂದೇ.

ಅಂದಿನಿಂದ ಆ ಇಬ್ಬರೂ ಹಳೆಯ ಕಾಲದಂತೆ ಗಂಟಲೆತ್ತಿಯೇ ಕೂಗಿದರು. ಶ್ಯಾಮಮುಖ ಧೂಸರೆಗೂ ಬಹಿಷ್ಕಾರ ಹಾಕಿದನು. ಅರ್ಧ ಬಾಲದವಳು ಎಲ್ಲಿಗೆ ಹಾರಲೆಂದು ಅವಳು ಕದಲಲಿಲ್ಲ. ಅವರ ಕೂಗು ಎರಡು ದಡಗಳಿಗೂ ಕೇಳಿಸುತ್ತಿತ್ತು. ಆ ಮರದ ಸುತ್ತ ಒಂದು ಮರಿಯೂ ಸಾಯದುದನ್ನು ತಾಯಂದಿರು ಕಂಡರು. ಮೊದಲು ಒಬ್ಬಳು, ಬಳಿಕ ನಾಲ್ವರು, ಮೇವಿನ ನೆಪದಲ್ಲಿ, ಹಣ್ಣಿನ ನೆಪದಲ್ಲಿ, ಮರಿಗಳೊಡನೆ ಅತ್ತ ಸರಿದರು. ಧೂಸರೆಯ ಮೊಮ್ಮಗು ಜಿಂಕೆಯ ಕೂಗನ್ನು ಕಲಿಯಲು ಹೋಗಿ ಕೆಮ್ಮುತ್ತಿತ್ತು, ಜಿಂಕೆಮರಿಗಳು ನಗುತ್ತಿದ್ದವು. ನೆಲ ಯಾರದೆಂಬ ವಾದ ತೀರಲಿಲ್ಲ. ಕಟ್ಟಳೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಯಾರೂ ನಡೆಸಲೂ ಇಲ್ಲ. ಒಂದು ಬೆಳಿಗ್ಗೆ ತುಂಗಶೃಂಗನೇ ತನ್ನ ಎಳೆಯ ಮರಿಯನ್ನು ಕರೆದುಕೊಂಡು ಬಂದನು. ಅತ್ತಿಯ ಮರಕ್ಕೆ ಬೆನ್ನುಮಾಡಿ ನಿಂತು ಹುಲ್ಲು ಮೇಯತೊಡಗಿದನು. ಆದರೆ ಅವನ ಎರಡು ಕಿವಿಗಳೂ ಆ ಮರದ ಕಡೆಗೇ ತಿರುಗಿದ್ದವು.

ನೀತಿ: ನೆರೆಯವನಿಗೆ ಕೇಳಬಾರದೆಂದು ತಗ್ಗಿಸಿದ ಎಚ್ಚರಿಕೆ ತನ್ನ ಮಕ್ಕಳಿಗೂ ಕೇಳಿಸದು, ಒಂದೇ ನೆಲದಲ್ಲಿ ಬಾಳುವವರಲ್ಲಿ ಒಬ್ಬರ ರಕ್ಷಣೆ ಇನ್ನೊಬ್ಬರ ರಕ್ಷಣೆಯಿಂದ ಬೇರೆಯಲ್ಲ.