ಗವಿಯಪ್ಪ ಹುಡುಕಿದ ಸಪೋಟ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಮುಂದೆ ಮಾಡಿ. ಈಗ ಹೇಳೋದು ನಿಮ್ಮ ಮನೆಯವರ ಕಿವಿಗೂ ಬೀಳಬಾರದು. ನಾನೂ ಇದುವರೆಗೆ ಯಾರಿಗೂ ಹೇಳಿಲ್ಲ, ನಲ್ಲಿ ಹತ್ತಿರ ನಾಲ್ಕು ಜನಕ್ಕೆ ಬಿಟ್ಟರೆ.

ಹೊಳೆ ದಂಡೆಯ ಆಶ್ರಮ ಗೊತ್ತಲ್ಲ. ಅದಕ್ಕೂ ನನ್ನ ಮನೆಗೂ ನಡುವೆ ಒಂದು ಬೇಲಿ. ನಾನು ಕದ್ದು ಕೇಳುವವಳಲ್ಲ. ನನ್ನ ಬಟ್ಟೆ ಒಗೆಯೋ ಕಲ್ಲು ಆ ಬೇಲಿ ಪಕ್ಕದಲ್ಲೇ ಇದೆ, ಅಷ್ಟೆ.

ಅಲ್ಲಿಯ ಗುರುಗಳನ್ನ ಎಲ್ಲರೂ ಅಜ್ಜಯ್ಯ ಅಂತಾರೆ. ಮಾತು ಕಡಿಮೆ. ಅವರಿಗೆ ಒಬ್ಬನೇ ಶಿಷ್ಯ, ಗವಿಯಪ್ಪ. ನಲವತ್ತು ದಾಟಿದ ಆಳು. ಮೊದಲು ಯಾವುದೋ ನರ್ಸರಿಯಲ್ಲಿ ಸಪೋಟ ಗಿಡಕ್ಕೆ ಕಸಿ ಕಟ್ಟುತ್ತಿದ್ದನಂತೆ. ಆಶ್ರಮಕ್ಕೆ ಬಂದು ಹನ್ನೆರಡು ವರ್ಷ. ತೋಟವೆಲ್ಲ ಅವನ ಕೈಯದೇ.

ಅವನಿಗೆ ಕಾವಿ ಕೊಡೋದು ಅಂತ ತೀರ್ಮಾನವಾಗಿತ್ತು. ಬಟ್ಟೆಗೆ ಬಣ್ಣ ಹಾಕಿ ಒಣಗಿಸಿದ್ದನ್ನ ನಾನೇ ಕಂಡೆ. ಒಳ್ಳೆ ಬಟ್ಟೆ.

ಕಾವಿ ಕೊಡೋ ಹಿಂದಿನ ದಿನ ಗವಿಯಪ್ಪ ಗುರುಗಳ ಮುಂದೆ ಬಂದು ನಿಂತ.

"ಬುದ್ಧಿ, ನಾಳೆ ಬೇಡ."

"ಯಾಕಪ್ಪ?"

"ನಾಲಿಗೆ ಮೇಲೆ ಒಂದು ರುಚಿ ಉಳಿದುಬಿಟ್ಟಿದೆ."

"ಯಾವುದರದು?"

"ಒಂದು ಹಣ್ಣಿನದು. ನರ್ಸರಿಯಲ್ಲಿದ್ದಾಗ ತಿಂದದ್ದು. ಅರ್ಧ ಹಣ್ಣು."

"ಕೊಟ್ಟವರು ಯಾರು?"

ಗವಿಯಪ್ಪ ನೆಲ ನೋಡಿದ. ಅವನು ಹೇಳದಿದ್ದರೇನು, ನಾನು ಹೇಳ್ತೀನಿ. ಚೆನ್ನಾಜಿ. ಅದೇ ನರ್ಸರಿಯಲ್ಲಿ ಹಣ್ಣು ತೊಳೆದು ಬುಟ್ಟಿಗೆ ತುಂಬುತ್ತಿದ್ದಳು. ಇಬ್ಬರ ನಡುವೆ ಏನೋ ಇತ್ತು. ಅವಳಪ್ಪನಿಗೆ ತಿಳೀತು, ತಿಂಗಳೊಳಗೆ ಅವಳನ್ನ ಬೇರೆಯವನಿಗೆ ಕಟ್ಟಿದ. ಇವನು ಬಂದು ಆಶ್ರಮ ಸೇರಿದ. ಈಗ ಅವಳ ಗಂಡ ಹೋಗಿ ಮೂರು ವರ್ಷವಂತೆ, ಸಂತೆಯಲ್ಲಿ ಹಣ್ಣು ಮಾರಿಕೊಂಡಿದ್ದಾಳಂತೆ.

ಈ ಸುದ್ದಿ ಇವನಿಗೆ ಹೇಗೆ ಮುಟ್ಟಿತು ಅಂತ ಕೇಳಬೇಡಿ. ಬೇಲಿ ಮೇಲೆ ಸೀರೆ ಹರವುವಾಗ ನನ್ನ ಬಾಯಿಂದ ಜಾರಿತ್ತು.

"ಸಪೋಟವೇ?" ಅಂತ ಗುರುಗಳು ಕೇಳಿದರು.

"ಸಪೋಟದ ಹಾಗೆ. ಆದರೆ ಸಪೋಟ ಅಲ್ಲ ಬುದ್ಧಿ. ಸಪೋಟ ನಾನು ಬುಟ್ಟಿಗಟ್ಟಲೆ ತಿಂದವನು, ನನಗೆ ಗೊತ್ತಾಗಲ್ವ? ಅದು ಬೇರೆ ಯಾವುದೋ ಜಾತಿ."

"ಸಿಕ್ಕಿದರೆ ಏನು ಮಾಡ್ತೀಯ?"

"ಆ ಮರದ ಒಂದು ಕಡ್ಡಿ ತಂದು ಇಲ್ಲೇ ಕಸಿ ಕಟ್ಟಿಬಿಡ್ತೀನಿ. ಆಮೇಲೆ ವರ್ಷಾ ವರ್ಷಾ ಇಲ್ಲೇ ಸಿಗುತ್ತೆ. ಹೊರಗಿನ ಆಸೆ ಇರಲ್ಲ. ಕಾವಿ ಉಟ್ಕೊಳ್ತೀನಿ."

ಕಸಿ ಕಟ್ಟುವವನ ತಲೆ ನೋಡಿ. ತಾಯಿ ಮರ ಸಿಕ್ಕಿತು ಅಂದರೆ ರುಚಿಯೂ ಕೈಗೆ ಬಂತು ಅಂತ ತಿಳಿದಿದ್ದ.

ಗುರುಗಳು ನಗಲಿಲ್ಲ, ಬೈಯಲಿಲ್ಲ. ಕಾವಿ ಬಟ್ಟೆ ಮಡಿಸಿ ಗೋಡೆ ಗೂಡಿನಲ್ಲಿಟ್ಟರು.

"ಹುಡುಕು. ಸಪೋಟದ ನೆಂಟರೆಲ್ಲ ನಮ್ಮ ತೋಟದಲ್ಲೇ ಇದ್ದಾರೆ. ಸಿಕ್ಕಿದ ದಿನ ಬಟ್ಟೆ ನಿನ್ನದು."

ಇದ್ದದ್ದು ನಿಜ. ಯಾರೋ ಭಕ್ತರು ಎಲ್ಲೆಲ್ಲಿಂದಲೋ ಬೀಜ ತಂದು ಕೊಟ್ಟಿದ್ದರು. ಎಲ್ಲಾ ಬೆಳೆದು ಮರವಾಗಿದ್ದವು. ಒಂದೊಂದಕ್ಕೆ ಒಂದೊಂದು ಕಾಲ.

ಮಾಗಿಯಲ್ಲಿ ಮೊದಲು ಬಂದದ್ದು ಮೊಟ್ಟೆ ಹಣ್ಣು. ಆಶ್ರಮದಲ್ಲಿ ಆ ಹೆಸರು ಹೇಳೋಕೆ ನನಗೇ ನಾಚಿಕೆ. ಒಳಗೆಲ್ಲ ಬೇಯಿಸಿದ ಮೊಟ್ಟೆಯ ಹಳದಿಯ ಹಾಗೆ ಪುಡಿಪುಡಿ.

"ಇದಾ?"

"ಅಲ್ಲ ಬುದ್ಧಿ. ಸಿಹಿ ಇದೆ, ರಸ ಇಲ್ಲ. ಗಂಟಲು ಹಿಡಿಯುತ್ತೆ. ಮೇಲೆ ನೀರು ಕುಡೀಬೇಕು."

"ಅವತ್ತು ಕುಡಿಯಲಿಲ್ವ?"

"ಸಂಜೆವರೆಗೂ ಕುಡಿಯಲಿಲ್ಲ. ರುಚಿ ಹೋಗಿಬಿಡುತ್ತೆ ಅಂತ."

ಆಮೇಲೆ ಕಪ್ಪು ಸಪೋಟ. ಹೊರಗೆ ಹಸಿರು, ಒಳಗೆ ಡಾಂಬರು. ಹೆಸರಿಗೆ ಮಾತ್ರ ಸಪೋಟ, ಕುಲವೇ ಬೇರೆ. ಹೆಣ್ಣಿನ ಕಡೆಯವರು ಅಂತ ಹೇಳಿಕೊಂಡು ಮದುವೆ ಮನೆಯಲ್ಲಿ ಉಂಡು ಹೋಗ್ತಾರಲ್ಲ, ಹಾಗೆ.

"ಇದು ಆ ಮನೆಯದೇ ಅಲ್ಲ ಬುದ್ಧಿ. ಮೆತ್ತಗಿದೆ, ಆದರೆ ಸಪ್ಪೆ. ಬೆಲ್ಲ ಕೇಳುತ್ತೆ."

"ಕಣ್ಣು ಮುಚ್ಚಿಕೊಂಡು ತಿನ್ನು."

ಮುಚ್ಚಿಕೊಂಡು ತಿಂದ. ತಿಂದಾದ ಮೇಲೂ ಕಣ್ಣು ಬಿಡಲಿಲ್ಲ.

"ಸಿಕ್ಕಿತಾ?"

"ಇಲ್ಲ ಬುದ್ಧಿ. ಬಳೆ ಸದ್ದು ಕೇಳಿಸಿತು."

ನಾನು ಒಗೆಯೋದು ನಿಲ್ಲಿಸಿಬಿಟ್ಟಿದ್ದೆ. ಕಾವಿ ಉಡುವವನ ಬಾಯಲ್ಲಿ ಬಳೆ ಮಾತು. ಅವತ್ತೇ ಹೋಗಿ ನಲ್ಲಿ ಹತ್ತಿರ ಹೇಳಿದೆ.

ಶಿವರಾತ್ರಿ ಹೊತ್ತಿಗೆ ನಕ್ಷತ್ರದ ಹಣ್ಣು. ನೇರಳೆ ಬಣ್ಣ. ಅಡ್ಡ ಕೊಯ್ದರೆ ನಡುವೆ ಒಂದು ಚುಕ್ಕಿ, ಸುತ್ತ ಹಾಲಿನಂಥ ತಿರುಳು.

"ಚೆನ್ನಾಗಿದೆ ಬುದ್ಧಿ. ಆದರೆ ಸಿಪ್ಪೆಯ ಸೊನೆ ತುಟಿಗೆ ಅಂಟಿಕೊಳ್ತು. ಅವತ್ತು ಅಂಟಲಿಲ್ಲ."

"ಯಾಕೆ ಅಂಟಲಿಲ್ಲ?"

"ಸಿಪ್ಪೆ ಅವಳೇ ಬಿಡಿಸಿದ್ದಳು."

ಬೇಸಿಗೆಗೆ ಕಿರ್ನಿ. ಹಳದಿ ಬಣ್ಣ, ಹೆಬ್ಬೆರಳ ತುದಿಯಷ್ಟು. ಸಪೋಟಕ್ಕೆ ಬೇರು ಕೊಡೋದು ಇದೇ ಗಿಡವಂತೆ. ಕೆಳಗೆ ಕಿರ್ನಿ, ಅದರ ಮೇಲೆ ಸಪೋಟ ಕಟ್ಟುತ್ತಾರಂತೆ.

ಗವಿಯಪ್ಪ ಒಂದು ಬೊಗಸೆ ತಿಂದ.

"ಸಿಹಿಗೆ ಮೋಸವಿಲ್ಲ ಬುದ್ಧಿ. ಆದರೆ ಇದೂ ಅಲ್ಲ. ಪಾಪದ್ದು. ಇದರ ಹಣ್ಣನ್ನ ಯಾರೂ ಕೇಳಲ್ಲ. ಇರೋವರೆಗೂ ಇನ್ನೊಬ್ಬರ ಹಣ್ಣು ಹೊತ್ತುಕೊಂಡು ನಿಂತಿರುತ್ತೆ."

ಅಜ್ಜಯ್ಯ ಬೇಲಿ ಕಡೆ ನೋಡಿದ ಹಾಗಾಯ್ತು. ನಾನು ಸೀರೆ ಎತ್ತಿ ಕಲ್ಲಿಗೆ ಬಡಿದೆ.

ಕೊನೆಗೆ ಉಳಿದದ್ದು ಕೆಂಪು ಸಪೋಟ. ಮೇಲೆ ಒರಟು ಸಿಪ್ಪೆ, ಒಳಗೆ ಕುಂಬಳಕಾಯಿ ಕೆಂಪು. ಮರ ಬಿಟ್ಟದ್ದೇ ಎರಡು ಕಾಯಿ. ಒಂದನ್ನ ಬಾವಲಿ ತಿಂದಿತ್ತು. ಇನ್ನೊಂದಕ್ಕೆ ಗವಿಯಪ್ಪ ಬಟ್ಟೆ ಸುತ್ತಿ, ದಿನಾ ಬೆಳಗ್ಗೆ ಹೋಗಿ ಉಗುರಿನಲ್ಲಿ ಚೂರು ಕೆರೆದು ನೋಡುತ್ತಿದ್ದ, ಹಸಿರು ಹೋಯಿತೋ ಅಂತ. ಜಪ ತಪ್ಪಿದರೂ ಅದು ತಪ್ಪಲಿಲ್ಲ.

ಹಣ್ಣಾಯ್ತು. ಕೊಯ್ದ. ಗುರುಗಳಿಗೆ ಒಂದು ಹೋಳು ಕೊಟ್ಟು ತಾನೊಂದು ತಿಂದ.

"ನನಗೆ ಬೆಂದ ಗೆಣಸಿನ ಹಾಗಿದೆ. ನಿನಗೆ?" ಅಂದರು ಗುರುಗಳು.

ಗವಿಯಪ್ಪನ ಗಡ್ಡ ಒದ್ದೆಯಾಗಿದ್ದು ರಸದಿಂದ ಅಲ್ಲ, ಅದು ನನಗೆ ಇಲ್ಲಿಂದಲೇ ಕಂಡಿತು.

"ಇನ್ನು ಯಾವುದೂ ಉಳಿದಿಲ್ಲ ಬುದ್ಧಿ. ಒಂದು ವರ್ಷವಾಯ್ತು. ಆ ಹಣ್ಣು ಸಿಗಲಿಲ್ಲ ಅಂದರೆ ಕಾವಿಯೂ ಇಲ್ಲ, ಹೊರಗೂ ಇಲ್ಲ. ನಾನೇನು ಮಾಡಲಿ?"

ಗುರುಗಳು ಎದ್ದು ಒಳಗೆ ಹೋದರು. ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ಒಂದು ಸಪೋಟ ತಂದು ಅವನ ಕೈಯಲ್ಲಿಟ್ಟರು.

"ಇದು ಕಾಲಿಪತ್ತಿ ಬುದ್ಧಿ. ಮಾಮೂಲಿ ಸಪೋಟ. ನಾನೇ ಕಟ್ಟಿದ ಗಿಡದ್ದು."

"ತಿನ್ನು."

ತಿಂದ. ಅಗಿಯುತ್ತಿದ್ದವನು ನಿಲ್ಲಿಸಿದ.

"ಬುದ್ಧಿ, ಇದೇ ಹಣ್ಣು."

"ಸಿಕ್ಕಿತಲ್ಲ. ಬಟ್ಟೆ ತರಲಾ?"

"ಹಣ್ಣು ಇದೇ. ರುಚಿ ಇದಲ್ಲ."

"ಅವಳು ಹೇಗೆ ಕೊಟ್ಟಳು, ಸರಿಯಾಗಿ ಹೇಳು."

"ಹಣ್ಣಾದದ್ದನ್ನ ಬುಟ್ಟಿಗೆ ತುಂಬುವಾಗ ಕೆಳಗೆ ಬಿದ್ದು ಒಡೆದಿತ್ತು. ಮಾರೋಕೆ ಬರ್ತಿರಲಿಲ್ಲ. ಅವಳು ಎರಡು ಮಾಡಿದಳು. ಸಪೋಟದ ಬೀಜಕ್ಕೆ ಕೊಕ್ಕೆ ಇರುತ್ತೆ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಅದಕ್ಕೆ ಬೀಜ ತೆಗೆದಳು. ದೊಡ್ಡ ಅರ್ಧ ನನಗೆ ಕೊಟ್ಟಳು. ಚಿಕ್ಕದು ಅವಳು ತಿಂದಳು."

"ಅವಳ ಅರ್ಧ ಹೇಗಿತ್ತಂತೆ?"

ಗವಿಯಪ್ಪ ಕೈಯಲ್ಲಿ ಉಳಿದಿದ್ದ ತುಂಡನ್ನ ಕೆಳಗಿಟ್ಟ.

"ಕೇಳಲಿಲ್ಲ ಬುದ್ಧಿ. ಅಷ್ಟರಲ್ಲಿ ಅವಳಪ್ಪ ಬಂದ."

"ಹೋಗಿ ಕೇಳು."

ಈಗ ಹೇಳೋದನ್ನ ನೀವು ನಂಬಲ್ಲ. ಅಜ್ಜಯ್ಯ ಗೂಡಿನಿಂದ ಆ ಕಾವಿ ಬಟ್ಟೆ ತೆಗೆದರು. ನೆಲದ ಮೇಲೆ ಹಾಸಿದರು. ಅದರೊಳಗೆ ಒಂದೊಂದಾಗಿ ಸಪೋಟ ಇಟ್ಟು ಗಂಟು ಕಟ್ಟಿದರು. ಕಾವಿಯಲ್ಲಿ ಹಣ್ಣು, ಅದೂ ಗಂಡ ಸತ್ತವಳಿಗೆ.

"ಬಟ್ಟೆ ವಾಪಸ್ ತರಬೇಕಾ ಬುದ್ಧಿ?"

"ಅವಳು ಹೇಳೋದು ಕೇಳು. ಆಮೇಲೆ ನಿನಗೇ ತಿಳಿಯುತ್ತೆ."

ಗಂಟು ಹೊತ್ತು ಗವಿಯಪ್ಪ ನನ್ನ ಬಾಗಿಲ ಮುಂದೆಯೇ ಹೋದ. ಕಾಲಿಗೆ ಚಪ್ಪಲಿ ಕೂಡ ಇರಲಿಲ್ಲ.

"ಎಲ್ಲಿಗೋ ಗವಿಯಪ್ಪ, ಗಂಟು ಕಟ್ಕೊಂಡು ಹೊರಟೆ?"

"ಸಂತೆಗೆ ಅಕ್ಕ."

"ಮಾರೋಕಾ?"

"ಒಂದು ಮಾತು ಕೇಳೋಕೆ."

ಅವನು ತಿರುವಿನಲ್ಲಿ ಮರೆಯಾಗೋವರೆಗೂ ನಿಂತಿದ್ದೆ. ಆಮೇಲೂ ನಿಂತಿದ್ದೆ. ಒಲೆ ಮೇಲಿನ ಅನ್ನ ಸೀದು ಹೋಗಿತ್ತು.

ಅವನು ಮರಳಲಿಲ್ಲ. ಮೂರು ಸಂತೆ ಕಳೆಯಿತು. ಹೋಗಿ ಬಂದವರು ಹೇಳಿದ್ದು ಕೇಳಿ. ಚೆನ್ನಾಜಿ ಹಣ್ಣಿನ ರಾಶಿ ಹಿಂದೆ ಕೂತಿದ್ದಾಳೆ, ಪಕ್ಕದಲ್ಲಿ ಇವನು. ನಾಲ್ಕು ಕೋಲು ನೆಟ್ಟು, ಬಿಸಿಲಿಗೆ ನೆರಳಾಗಲಿ ಅಂತ ಅದೇ ಕಾವಿ ಬಟ್ಟೆ ಮೇಲೆ ಕಟ್ಟಿದ್ದಾರೆ.

ಕೇಳಿದ ಮೇಲೆ ನನಗೆ ಕೂರೋಕಾಗಲಿಲ್ಲ. ಬೇಲಿ ಸುತ್ತಿಕೊಂಡು ಆಶ್ರಮದ ಗೇಟು ತೆಗೆದು ನೇರ ಒಳಗೆ ಹೋದೆ. ಅಜ್ಜಯ್ಯ ಒಂದು ಗಿಡಕ್ಕೆ ಕಸಿ ಕಟ್ಟುತ್ತಾ ಕೂತಿದ್ದರು.

"ಅಜ್ಜಯ್ಯ, ಊರೆಲ್ಲ ಆಡಿಕೊಳ್ತಿದೆ," ಅಂದೆ.

"ನೀನು ಹೇಳಿದ ಮೇಲೆ ಆಡಿಕೊಳ್ಳಲೇಬೇಕಲ್ಲ," ಅಂದರು.

"ಹನ್ನೆರಡು ವರ್ಷ ಜಪ ಮಾಡಿದವನನ್ನ ನೀವೇ ಗಂಟು ಕಟ್ಟಿ ಹೆಂಗಸಿನ ಹತ್ತಿರ ಕಳಿಸಿದಿರಿ. ಕಾವಿಯ ಮರ್ಯಾದೆ ಏನಾಯ್ತು?"

"ಇಬ್ಬರಿಗೆ ನೆರಳಾಗಿದೆಯಂತಲ್ಲ."

ನನಗೆ ಮೈಯೆಲ್ಲ ಉರಿಯಿತು. ಏನೇನೋ ಅಂದೆ. ಅಷ್ಟು ವರ್ಷ ಆದ ಮೇಲೆ ಬಂದವನಿಗೆ ಅವಳು ಯಾಕೆ ಸರಿದು ಜಾಗ ಕೊಡಬೇಕು ಅಂದೆ. ಕೇಳದೆ ಬಂದ ಮಾತನ್ನ ಹೋಗಿ ಕೇಳಿಬಿಡೋದು ಅಷ್ಟು ಸುಲಭವಾ ಅಂದೆ. ನೆನಪಾದಾಗೆಲ್ಲ ಎದ್ದು ಹೋಗಬಹುದು ಅನ್ನೋ ಹಾಗಿದ್ದರೆ, ಹೋಗದೆ ಮನೆಯಲ್ಲಿ ಕೂತವರೆಲ್ಲ ದಡ್ಡರಾ ಅಂದೆ. ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಜ್ಜಯ್ಯ ಚಾಕು ಕೆಳಗಿಟ್ಟರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವರು, ಅವತ್ತು ಮೊದಲ ಸಲ ನನ್ನ ಮುಖ ನೋಡಿ ಕೇಳಿದರು:

"ಕೆಂಚಮ್ಮ, ನೀನು ಯಾರ ಹತ್ತಿರ ಹೋಗಬೇಕಿತ್ತು?"