ನೀರಿಟ್ಟು ನಿಂತ ಹೆಂಗಸು

"ಗುರುಗಳೇ, ಬರೆದವನು ಅಡಗಿಸಿಡದ ಸುಳಿವು ಓದುವವನಿಗೆ ಕಂಡರೆ, ಅದು ನಿಜವೋ ಭ್ರಮೆಯೋ?"

ಕೇಳಿದವನು ಚನ್ನವೀರನೆಂಬ ಶಿಷ್ಯ. ಮಠಕ್ಕೆ ಬರುವ ಮೊದಲು ಅವನು ಮಾಯಾಲೋಕದ ಕತೆಗಳ ಒಂದು ದೊಡ್ಡ ಮಾಲಿಕೆಯನ್ನು ಓದಿದ್ದ. ಯಾವ ಪಾತ್ರದ ಹಿಂದೆ ಯಾವ ಪುರಾಣವಿದೆ ಎಂದು ಹುಡುಕಿ ಎರಡು ನೋಟ್‌ಬುಕ್ ತುಂಬಿಸಿದ್ದ. ಆ ದಿನ ಜೊತೆಯವನೊಬ್ಬ ಅವನ್ನು ತಿರುವಿ ನೋಡಿ, "ಇಷ್ಟನ್ನು ಬರೆದವನೇ ಯೋಚಿಸಿರಲಿಕ್ಕಿಲ್ಲ" ಎಂದು ನಕ್ಕಿದ್ದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ವಾಚನಾಲಯವಿತ್ತು. ಸಂಜೆ ಅಲ್ಲಿ ಒಬ್ಬ ದರ್ಜಿ ಗಟ್ಟಿಯಾಗಿ ಪುಸ್ತಕ ಓದುತ್ತಿದ್ದ. ಊರವರು ಕೇಳುತ್ತಿದ್ದರು. ಆಗ ದೂರದ ಪಟ್ಟಣದ ಕತೆಗಾರನೊಬ್ಬ ಒಂದು ಮಾಯಾಕತೆ ಬರೆಯುತ್ತಿದ್ದ. ಒಟ್ಟು ಏಳು ಭಾಗ ಎಂದಿದ್ದ. ವರ್ಷಕ್ಕೊಂದರಂತೆ ಆರು ಬಂದಿದ್ದವು.

ಕತೆ ನಡೆಯುವುದು ಒಂದು ದ್ವೀಪದಲ್ಲಿ. ಅದನ್ನು ಆಳುವ ರಾಣಿಗೆ ಸಾವಿರ ಹಾವುಗಳ ಕಾವಲು. ಅವಳ ಅಡುಗೆಮನೆಯಲ್ಲಿ ಒಬ್ಬ ತರುಣ ದುಡಿಯುತ್ತಾನೆ. ಹೆತ್ತವರು ಯಾರೆಂದು ಅವನಿಗೆ ತಿಳಿಯದು. ಅವನ ಹೆಗಲಿಗೆ ರೆಕ್ಕೆ ಮೂಡುತ್ತದೆ. ಆರನೆಯ ಭಾಗದ ಕೊನೆಗೆ ಅವನು ಹಾರಿ ಹೋಗಿ, ಅಮೃತದ ಕಲಶವಿರುವ ಬೆಟ್ಟದ ಬಾಗಿಲಲ್ಲಿ ನಿಲ್ಲುತ್ತಾನೆ.

ಸುಳಿವು ಹುಡುಕುವುದೇ ಊರಿಗೆ ಹಬ್ಬವಾಯಿತು. ಹಾವುಗಳ ಕಾವಲು ಎಂದೊಡನೆ ಕ್ಷೌರಿಕ, "ಇವಳು ಕದ್ರು, ನಾಗಗಳ ತಾಯಿ" ಎಂದ. ಎರಡನೆಯ ಭಾಗದಲ್ಲಿ ಬಿಳಿ ಕುದುರೆಯ ಬಾಲ ಕಪ್ಪಾಗಿ ಕಂಡಾಗ ದರ್ಜಿ ಓದು ನಿಲ್ಲಿಸಿ ಎದ್ದೇ ನಿಂತ. ಕದ್ರು ಪಂದ್ಯ ಕಟ್ಟಿದ್ದು, ಹಾವುಗಳನ್ನು ಕುದುರೆಯ ಬಾಲಕ್ಕೆ ಸುತ್ತಿಸಿ ಗೆದ್ದದ್ದು, ಒಡಹುಟ್ಟಿದ ವಿನತೆಯನ್ನು ದಾಸಿ ಮಾಡಿಕೊಂಡದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. "ಹಾಗಾದರೆ ರೆಕ್ಕೆಯವನು ವಿನತೆಯ ಮಗ, ಗರುಡ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಮಿಠಾಯಿ ಅಂಗಡಿಯವನು ಅಡುಗೆಮನೆಯ ಸೌಟೇ ಭೀಮನ ಗದೆ ಎಂದು ಹಟ ಹಿಡಿದು, ಎರಡು ವಾರ ಯಾರ ಮಾತನ್ನೂ ಕೇಳಲಿಲ್ಲ.

ಹಾಗಾದರೆ ಆ ತರುಣನ ತಾಯಿ ಯಾರು? ಜಗಳ ಹುಟ್ಟಿದ್ದು ಇಲ್ಲಿ.

ಊರಿನ ಪಂಡಿತ, ಮೂರನೆಯ ಭಾಗದಲ್ಲಿ ಬರುವ ಮೋಡಗಳ ರಾಣಿಯೇ ತಾಯಿ ಎಂದ. ಎಲ್ಲರೂ ಒಪ್ಪಿದರು. ಹೂ ಮಾರುವ ಸಂಕಮ್ಮ ಒಬ್ಬಳು ಒಪ್ಪಲಿಲ್ಲ. ಅವಳಿಗೆ ಎಪ್ಪತ್ತು ದಾಟಿತ್ತು, ಅಕ್ಷರ ಬರುತ್ತಿರಲಿಲ್ಲ. "ಅಡುಗೆಮನೆಗೆ ನೀರು ತಂದಿಡುವ ಮೂಕ ಹೆಂಗಸು ಇದ್ದಾಳಲ್ಲ, ಅವಳೇ" ಎಂದಳು.

ಪಂಡಿತ ನಕ್ಕ. "ಆರು ಭಾಗದಲ್ಲಿ ಅವಳಿಗೆ ಒಂದು ಹೆಸರೂ ಇಲ್ಲವಲ್ಲ, ಸಂಕಮ್ಮ!"

"ದಾಸಿಯಾದವಳ ಹೆಸರು ಯಾರಿಗೆ ಬೇಕು ಸ್ವಾಮಿ?"

ಮಾತಿಗೆ ಮಾತು ಬೆಳೆಯಿತು. ಸಂಕಮ್ಮನ ಮಾತು ಸುಳ್ಳಾದರೆ ಅವಳು ಇನ್ನು ವಾಚನಾಲಯದಲ್ಲಿ ಬಾಯಿ ಬಿಡಬಾರದು ಎಂದು ತೀರ್ಮಾನವಾಯಿತು. ಅವಳು ಒಪ್ಪಿದಳು. ಆದರೆ ಏಳನೆಯ ಭಾಗ ಬರಲಿಲ್ಲ. ಮೂರು ವರ್ಷ ಕಳೆಯಿತು. ಅಷ್ಟೂ ದಿನ ಜನ ಹೂ ಕೊಳ್ಳುವಾಗ, "ಮೂಕಮ್ಮ ಹೇಗಿದ್ದಾಳೆ?" ಎಂದು ಅವಳನ್ನು ಕೆಣಕುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. "ನಿಮಗಿಂತ ಚೆನ್ನಾಗಿದ್ದಾಳೆ" ಎನ್ನುತ್ತಿದ್ದಳು.

ಕಡೆಗೆ ಊರವರು ಕಾಗದ ಬರೆದು ಕತೆಗಾರನನ್ನೇ ಕರೆಸಿದರು.

ಅವನು ಬಂದು ಎಲ್ಲವನ್ನೂ ಕೇಳಿದ. ಕದ್ರು ಸರಿ ಎಂದ. ಕುದುರೆ ಸರಿ ಎಂದ. ಸೌಟಿಗೆ ಹೊಟ್ಟೆ ಹಿಡಿದು ನಕ್ಕ. ಆಗ ಪಂಡಿತ, ತಾಯಿ ಯಾರೆಂದು ಕೇಳಿದ.

"ಯಾರೂ ಇಲ್ಲ. ಅವನು ಹುಟ್ಟಿದಾಗಲೇ ಅವಳು ಸತ್ತಳು ಎಂದುಕೊಂಡಿದ್ದೆ" ಎಂದ ಕತೆಗಾರ.

"ಮತ್ತೆ ಆ ಮೂಕ ಹೆಂಗಸು?"

"ನೀರು ತಂದಿಡಲು ಒಬ್ಬರು ಬೇಕಿತ್ತು, ಇಟ್ಟೆ."

ವಾಚನಾಲಯ ನಗೆಯಿಂದ ತುಂಬಿತು. ಸಂಕಮ್ಮನ ಮುಖ ಸಣ್ಣದಾಯಿತು. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋದವಳು ತಡೆಯಲಾರದೆ ತಿರುಗಿದಳು.

"ನೀರಿಟ್ಟವಳು ಹೋಗಬೇಕಲ್ಲಪ್ಪ? ಅವನು ಉಣ್ಣುವಾಗಲೆಲ್ಲ ಅವಳು ಬಾಗಿಲಲ್ಲಿ ನಿಲ್ಲುವುದು ಯಾಕೆ?"

"ಎಲ್ಲಿ ನಿಂತಿದ್ದಾಳೆ?" ಎಂದ ಕತೆಗಾರ.

ದರ್ಜಿ ಪುಸ್ತಕ ತಂದ. ಮೊದಲನೆಯ ಭಾಗದಲ್ಲಿತ್ತು. ಮೂರನೆಯದರಲ್ಲಿತ್ತು. ನಾಲ್ಕು, ಆರರಲ್ಲೂ ಇತ್ತು. ಮೂಕ ಹೆಂಗಸು ನೀರಿಟ್ಟು, ತರುಣ ಕೈ ತೊಳೆಯುವವರೆಗೆ ಬಾಗಿಲಲ್ಲಿ ನಿಂತಿದ್ದಳು. ಕತೆಗಾರ ಪುಸ್ತಕಗಳನ್ನು ತನ್ನ ಕೈಗೆ ತೆಗೆದುಕೊಂಡು, ತಾನು ಬರೆದದ್ದನ್ನು ತಾನೇ ಓದಿದ. 

ಕೊನೆಯ ಪುಸ್ತಕವನ್ನು ಮುಚ್ಚಿ ಅವನು ಹೇಳಿದ. "ಕತೆಯನ್ನು ಕೈಬಿಟ್ಟೆ ಎಂದು ಹೇಳಲು ಬಂದಿದ್ದೆ. ರೆಕ್ಕೆಯವನು ಅಮೃತದ ಬಾಗಿಲಿಗೆ ಬಂದು ನಿಂತ. ಯಾರಿಗಾಗಿ ಒಳಗೆ ಹೋಗಬೇಕು ಎಂಬುದು ಮೂರು ವರ್ಷದಿಂದ ನನಗೇ ಹೊಳೆದಿಲ್ಲ. ಪುರಾಣದಿಂದ ಹಾವು ತಂದೆ, ಕುದುರೆ ತಂದೆ, ಕಲಶ ತಂದೆ. ಬಿಡುಗಡೆಗೆ ಕಾದಿದ್ದ ತಾಯಿಯನ್ನು ತರುವುದು ಮರೆತೆ."

"ಮರೆತಿಲ್ಲ ಮಗಾ" ಎಂದಳು ಸಂಕಮ್ಮ. "ತಂದು ನಿಲ್ಲಿಸಿದ್ದೀಯ. ಒಳಗೆ ಕರೆ, ಅಷ್ಟೇ."

ಕತೆಗಾರ ಮರುದಿನವೇ ತನ್ನ ಪಟ್ಟಣಕ್ಕೆ ಮರಳಿದ. ಯುಗಾದಿಗೆ ಏಳನೆಯ ಭಾಗ ಬಂತು. ವಾಚನಾಲಯದಲ್ಲಿ ಕೂರಲು ಜಾಗವಿಲ್ಲದೆ ಜನ ಕಿಟಕಿ ಹತ್ತಿದರು. ದರ್ಜಿ ಓದಿದ. ರೆಕ್ಕೆಯವನು ಕಲಶವನ್ನು ತಂದು ಹಾವುಗಳ ಮುಂದೆ ಇಟ್ಟ. ಮೂಕ ಹೆಂಗಸಿನ ದಾಸ್ಯ ಕಳಚಿತು. ಏಳು ಭಾಗದಲ್ಲಿ ಮೊದಲ ಸಲ ಅವಳು ಬಾಯಿ ತೆರೆದಳು. "ಉಂಡೆಯಾ?" ಎಂದು ಮಗನನ್ನು ಕೇಳಿದಳು.

ಊರು ನಕ್ಕಿತು, ನಗುತ್ತಲೇ ಕಣ್ಣೊರೆಸಿಕೊಂಡಿತು. ಪಂಡಿತ ಎದ್ದು ಬಂದು ಸಂಕಮ್ಮನ ಬುಟ್ಟಿಯಿಂದ ಒಂದು ಮಾರು ಮಲ್ಲಿಗೆ ತೆಗೆದು ಅವಳ ಕೈಗೇ ಕೊಟ್ಟ. ಅಂದಿನಿಂದ ಹೊಸ ಪುಸ್ತಕ ಬಂದಾಗಲೆಲ್ಲ ಅವಳ ಪಕ್ಕದಲ್ಲೇ ಕೂತು, "ನಿನಗೇನು ಕಂಡಿತಮ್ಮ?" ಎಂದು ಮೊದಲು ಅವಳನ್ನೇ ಕೇಳುತ್ತಿದ್ದ. ಮಿಠಾಯಿ ಅಂಗಡಿಯವನು ಮಾತ್ರ ಎಂಟನೆಯ ಭಾಗವೂ ಉಂಟು, ಅದರಲ್ಲಿ ಸೌಟಿನ ಗುಟ್ಟು ಬಯಲಾಗುತ್ತದೆ ಎಂದು ಕೊನೆಯವರೆಗೂ ಹೇಳುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಚನ್ನವೀರ ಮನಸಾರೆ ನಕ್ಕ. ಆಮೇಲೆ ಅವನಿಗೆ ಮತ್ತೆ ಅನುಮಾನ ಬಂತು.

"ಬರೆದವನಿಗೆ ತಿಳಿದಿರಲಿಲ್ಲ. ಸಂಕಮ್ಮ ಕಂಡಳೇ ಹೊರತು ಬರೆದವಳಲ್ಲ. ಹಾಗಾದರೆ ಆ ಹೆಂಗಸನ್ನು ಅಲ್ಲಿ ತಂದು ನಿಲ್ಲಿಸಿದವರು ಯಾರು, ಗುರುಗಳೇ?"

ಗುರುಗಳು ಹೇಳಿದರು: "ಆ ಕತೆಗಾರನಿಗೂ ಒಬ್ಬಳು ತಾಯಿ ಇದ್ದಳಲ್ಲವೇ, ಮಗೂ?"