ಹುಣಸೆ ಮರಕ್ಕೆ ಎಷ್ಟುದ್ದದ ಗರಗಸ

ಹೊಳೆ ದಂಡೆಯ ಮೇಲೆ ಒಂದು ಮಠ. ಮಠ ಸಣ್ಣದು, ಅದರ ಒಲೆ ದೊಡ್ಡದು. ಹಸಿದು ಬಂದವರನ್ನು ಯಾರು, ಯಾವೂರು ಅಂತ ಅಲ್ಲಿ ಕೇಳುವುದಿಲ್ಲ. ಸಾರು ಇನ್ನೊಂದು ಸೌಟು ಬೇಕಾ ಅಂತ ಮಾತ್ರ ಕೇಳುತ್ತಾರೆ.

ಬೇರೆ ಕಡೆ ಗುರುವಾದವನು ಪಲ್ಲಕ್ಕಿ ಹತ್ತುತ್ತಾನೆ. ಈ ಮಠದಲ್ಲಿ ಗುರುವಾದವನು ಕೊಡಲಿ ಹಿಡಿಯುತ್ತಾನೆ. ದಿನಾ ಬೆಳಿಗ್ಗೆ ಒಲೆಗೆ ಕಟ್ಟಿಗೆ ಒಡೆಯುವ ಕೆಲಸ ಅವನದೇ. ಆ ಕೊಡಲಿಯನ್ನು ಇನ್ನೊಬ್ಬನ ಕೈಗಿಟ್ಟರೆ ಒಲೆಯನ್ನೇ ಒಪ್ಪಿಸಿದ ಹಾಗೆ.

ಈಗಿನ ಗುರು ಮರಿಶಾಂತ ಅಜ್ಜಾರು. ಅವರ ಬಲರಟ್ಟೆ ಸೋತುಹೋಗಿತ್ತು.

“ಇನ್ನು ಕೊಡಲಿ ಎತ್ತಿದಿರೋ, ಈ ಕೈ ವಿಭೂತಿ ಹಚ್ಚಿಕೊಳ್ಳಲಿಕ್ಕೂ ಮೇಲೇಳುವುದಿಲ್ಲ” ಅಂದಿದ್ದರು ಡಾಕ್ಟರು.

ಅಜ್ಜಾರು ಹೌದೌದು ಎಂದು ತಲೆಯಾಡಿಸಿ ಮಠಕ್ಕೆ ಬಂದರು. ಬಂದು ಕೊಡಲಿ ಎತ್ತಿದರು.

ಇದನ್ನು ನೋಡಲಾರದೆ ಒದ್ದಾಡುತ್ತಿದ್ದವನು ಶಿಷ್ಯ ಹುಲುಗಪ್ಪ. ಆನೆಮರಿಯಂಥ ಮೈ, ಕೋತಿಮರಿಯಂಥ ಬುದ್ಧಿ. ಶಾಲೆಯಲ್ಲಿ ಲೆಕ್ಕ ಅವನಿಗೆ ಕೈಕೊಟ್ಟಿತ್ತು. ಅವನೂ ಸುಮ್ಮನಿರಲಿಲ್ಲ, ಶಾಲೆಗೇ ಕೈಕೊಟ್ಟು ಮಠಕ್ಕೆ ಬಂದುಬಿಟ್ಟಿದ್ದ.

ಒಂದು ಬೆಳಿಗ್ಗೆ ಹುಲುಗಪ್ಪ ಕೊಡಲಿಯನ್ನು ಒಯ್ದು ಜೋಳದ ಕಣಜದೊಳಗೆ ಹೂತಿಟ್ಟ.

ಅಜ್ಜಾರು ಬಂದರು. ಕೊಡಲಿ ಇರಲಿಲ್ಲ. ಹುಡುಕಲೂ ಇಲ್ಲ, ಕೇಳಲೂ ಇಲ್ಲ. ಒಂದು ಒಣಕೊಂಬೆ ತಗೊಂಡು ಮೊಣಕಾಲಿಗೆ ಇಟ್ಟು ಲಟಕ್ಕನೆ ಮುರಿದರು. ಇನ್ನೊಂದು ತಗೊಂಡರು. ಅದು ಮುರಿಯಲಿಲ್ಲ. ಮೊಣಕಾಲು ತರಚಿ ರಕ್ತ ಬಂತು. ಮತ್ತೆ ಅದನ್ನೇ ಎತ್ತಿಕೊಂಡರು.

ಹುಲುಗಪ್ಪ ಓಡಿಹೋಗಿ ಕಣಜದೊಳಗೆ ಅರ್ಧ ಮೈ ಇಳಿಸಿ ಕೊಡಲಿ ತಂದುಕೊಟ್ಟ. ತಲೆ ತುಂಬ ಜೋಳ.

“ತಲಿಯಾಗ ಏನೋ ಬಿತ್ತೀ ಅನ್ನಸ್ತೈತಿ” ಅಂದರು ಅಜ್ಜಾರು. “ಮಳಿ ಬಂದ್ರ ಬೆಳಿ ಬರ್ತಾವು ನೋಡು.”

“ನಗಬ್ಯಾಡ್ರಿ ಅಜ್ಜಾರ. ಕೊಡ್ಲಿ ನನಗ ಕೊಡ್ರಿ. ನಿಮ್ಮ ಕೈ ಹೋಗ್ತೈತ್ರಿ.”

ಅಡುಗೆಮನೆ ಹಿಂದೆ ಒಂದು ಹುಣಸೆಮರ ಬಿದ್ದಿತ್ತು. ಹಿಂದಿನ ವರ್ಷದ ಗಾಳಿಗೆ ಉರುಳಿದ್ದು, ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅಜ್ಜಾರು ಅದರ ಕಡೆ ಕೈ ತೋರಿಸಿದರು.

“ಪೇಟಿ ಅಂಗಡಿ ಜಂಬಣ್ಣ ಮಠಕ್ಕ ಒಂದು ಮಷೀನ್ ಗರಗಸ ಕೊಡ್ತೀನಂತ ಹರಕಿ ಹೊತ್ತಾನ. ಹೋಗು, ಆ ಮರ ಕೊಯ್ಯಾಕ ಒಪ್ಪೋದನ್ನ ನೀನ ಆರಿಸ್ಕೊಂಡು ಬಾ. ಸರಿಯಾದದ್ದು ತಂದಿ ಅಂದ್ರ ಕೊಡ್ಲಿ ನಿಂದು. ತಪ್ಪಿದ್ದು ತಂದಿ ಅಂದ್ರ ನಾಳಿಗೂ ನಾನ ಒಡಿಯಾವ.”

ಹುಲುಗಪ್ಪನಿಗೆ ಅಷ್ಟೇ ಸಾಕಿತ್ತು. ಒಣಗಲು ಹಾಕಿದ್ದ ಅಜ್ಜಾರ ಕಾವಿ ಶಲ್ಯ ಎಳಕೊಂಡು ಮರದ ಬೊಡ್ಡೆಗೆ ಒಂದು ಸುತ್ತು ಸುತ್ತಿದ. ಎಲ್ಲಿ ಕೂಡಿತೋ ಅಲ್ಲಿ ಗುರುತಿಗೆ ಒಂದು ಗಂಟು ಹಾಕಿದ. ಅದನ್ನು ಹೆಗಲಿಗೆ ಹಾಕ್ಕೊಂಡು ಪೇಟೆಗೆ ಹೊರಟ.

ಜಂಬಣ್ಣನ ಅಂಗಡಿಯಲ್ಲಿ ಗೋಡೆ ತುಂಬ ಗರಗಸಗಳು. ಒಂದೊಂದಕ್ಕೂ ಒಂದು ಎಂಜಿನ್, ಎಂಜಿನ್ನಿನ ಮುಂದೆ ಮೊಸಳೆ ಬಾಯಿಯಂಥ ಉದ್ದನೆಯ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಸರಪಳಿ.

ಹುಲುಗಪ್ಪ ಶಲ್ಯ ಬಿಡಿಸಿ ಎರಡೂ ಕೈ ಚಾಚಿ ಹಿಡಿದ. “ಇಷ್ಟುದ್ದದ್ದು ಕೊಡ್ರಿ.”

ಜಂಬಣ್ಣ ಶಲ್ಯ ನೋಡಿದ. ಹುಲುಗಪ್ಪನನ್ನು ನೋಡಿದ.

“ಇದು ಮರದ ಸುತ್ತಳತಿ ಅಲ್ಲೇನಪಾ?”

“ಹೌದ್ರಿ.”

“ಮರಕ್ಕ ಅಂಗಿ ಹೊಲಸ್ತೀಯೇನು?”

ಅಂಗಡಿಯ ಆಳುಗಳೆಲ್ಲ ಹೊಟ್ಟೆ ಹಿಡಕೊಂಡು ನಕ್ಕರು. ಹುಲುಗಪ್ಪನ ಮುಖ ಶಲ್ಯದ ಬಣ್ಣಕ್ಕೆ ತಿರುಗಿತು.

“ಮರದ ದಪ್ಪ ಇದರ ಮೂರನೇ ಒಂದು ಪಾಲು ಅಷ್ಟ” ಅಂದ ಜಂಬಣ್ಣ. “ಎಲ್ಲಾ ಗರಗಸಾನೂ ಅದಾವು. ಯಾವುದು ಬೇಕಾದ್ರೂ ಒಯ್ಯಿ. ಒಗ್ಗಲಿಲ್ಲ ಅಂದ್ರ ತಂದು ಬದಲಿಸ್ಕೋ.”

ಮರ್ಯಾದೆ ಹೋದವನು ಯಾವಾಗಲೂ ದೊಡ್ಡದನ್ನೇ ಕೇಳುತ್ತಾನೆ. ಹುಲುಗಪ್ಪ ಗೋಡೆಯ ತುದಿಯಲ್ಲಿದ್ದ ಮೂವತ್ತಾರು ಇಂಚಿನದನ್ನು ಇಳಿಸಿಕೊಂಡ.

ಮರುದಿನ ಹೊತ್ತು ಹುಟ್ಟುತ್ತಲೂ ಮರದ ಹತ್ತಿರ ನಿಂತು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದ. ಗರಗಸ ಗುರುಗುಟ್ಟಿತು. ಇನ್ನೊಮ್ಮೆ ಎಳೆದ. ಹೊಳೆಯಾಚೆಯ ಕಾಗೆಗಳೂ ಎದ್ದು ಹಾರಿದವು.

ಗರಗಸ ಹುಲುಗಪ್ಪನ ಕೈಲಿತ್ತೋ, ಹುಲುಗಪ್ಪ ಗರಗಸದ ಕೈಲಿದ್ದನೋ ಹೇಳುವುದು ಕಷ್ಟ. ಅದು ಎಡಕ್ಕೆ ಎಳೆದರೆ ಎಡಕ್ಕೆ ಹೋದ, ಬಲಕ್ಕೆ ಎಳೆದರೆ ಬಲಕ್ಕೆ. ಭಾರಕ್ಕೆ ಪಟ್ಟಿಯ ಮೂತಿ ಬಗ್ಗಿ ಒಂದು ಕೊಂಬೆಗೆ ತಾಗಿತು. ತಾಗಿದ್ದೇ ತಡ, ಗರಗಸ ರಪ್ಪನೆ ಮೇಲಕ್ಕೆ ಒದೆಯಿತು. ಸರಪಳಿ ಅವನ ಕಿವಿಯ ಪಕ್ಕ ಗಾಳಿ ಕೊಯ್ದು ಹೋಯಿತು.

ಹುಲುಗಪ್ಪ ಕುಂಡಿ ಊರಿ ನೆಲಕ್ಕೆ ಕೂತ. ಗರಗಸ ಆರಿತು.

ಅಜ್ಜಾರು ಓಡಿ ಬಂದರು. ಅವನ ಎರಡೂ ಕಿವಿ ಮುಟ್ಟಿ ನೋಡಿದರು. ಕುತ್ತಿಗೆ ಮುಟ್ಟಿ ನೋಡಿದರು. ಎಲ್ಲ ಇದ್ದಲ್ಲೇ ಇತ್ತು.

ಆಮೇಲೆ ಅಂದರು, “ಏಳು. ಆರಿದ ಗರಗಸಾನ ಎತ್ತಿ ಹಿಡಕೊಂಡು ನಿಂದ್ರು. ನಾನು ಪೂಜಾ ಮುಗಿಸಿ ಬರ್ತೀನಿ.”

ಹುಲುಗಪ್ಪ ಎತ್ತಿ ಹಿಡಿದು ನಿಂತ.

ಆವತ್ತಿನ ಪೂಜೆಗೆ ಕೊನೆಯೇ ಇರಲಿಲ್ಲ. ಇದ್ದಬದ್ದ ದೇವರಿಗೆಲ್ಲ ಹೂವೇರಿತು. ಅಜ್ಜಾರು ನಡುವೆ ಎದ್ದು ಚಹಾ ಕುಡಿದರು. ಹುಲುಗಪ್ಪನ ತೋಳು ಮೊದಲು ಬಿಸಿಯಾಯಿತು, ಆಮೇಲೆ ಗಡಗಡ ನಡುಗಿತು, ಆಮೇಲೆ ಅವನಿಗೆ ತೋಳೇ ಇಲ್ಲ ಅನ್ನಿಸಿತು.

ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗಲೊಲ್ಲದು. ಸಾರನ್ನ ಮೂಗಿಗೆ ಹೋಯಿತು, ಗದ್ದಕ್ಕೆ ಹೋಯಿತು.

“ಹತ್ತಿರ ಬಾ” ಅಂದು ಅಜ್ಜಾರು ತಮ್ಮ ಎಡಗೈಯಿಂದ ತುತ್ತು ಕಲಸಿ ಅವನ ಬಾಯಿಗಿಟ್ಟರು. “ಬಲಗೈ ನನಗೂ ಇಲ್ಲ, ನಿನಗೂ ಇಲ್ಲ. ಚಲೋ ಜೋಡಿ ಆತು.”

ಅಡುಗೆಯ ಹಂಪಮ್ಮ ಸೌಟು ಹಿಡಿದು ನಿಂತು ನೋಡಿದಳು. “ಇಷ್ಟು ದೊಡ್ಡ ಕೂಸಿಗೆ ತೊಟ್ಟಲ ಎಲ್ಲಿಂದ ತರೋಣ್ರಿ ಅಜ್ಜಾರ?”

ಹುಲುಗಪ್ಪ ತುತ್ತು ನುಂಗಿ ಕೇಳಿದ, “ಮರ ದೊಡ್ಡದ್ರಿ ಅಜ್ಜಾರ. ಅದಕ್ಕ ದೊಡ್ಡದು ತಂದೆ. ಏನು ತಪ್ಪಾತ್ರಿ?”

“ಆ ಮರಾನ ಎತ್ತಿಕೊಂಡು ಬಂದು ಈ ಒಲಿಗೆ ಹಾಕು ನೋಡೋಣು.”

“ಹೆಂಗ ಹಿಡೀತೈತ್ರಿ?”

“ಒಲಿಗೆ ಹಿಡೀಲಾರದ್ದನ್ನ ಅಳಕೊಂಡು ಪೇಟಿಗೆ ಯಾಕ ಹೋಗಿದ್ದಿ?”

ಹುಲುಗಪ್ಪನ ತಲೆಯಲ್ಲಿ ದೀಪ ಹತ್ತಿತು. ತಪ್ಪು ದೀಪ ಹತ್ತಿತು, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಅಜ್ಜಾರು ಕೊಡಲಿ ಎತ್ತಿ ಕಟ್ಟಿಗೆ ಒಡೆದರು. ಪ್ರತಿ ಏಟಿಗೂ ತುಟಿ ಕಚ್ಚುತ್ತಿದ್ದರು. ಹುಲುಗಪ್ಪ ಅದನ್ನು ನೋಡಲಾರದೆ ಒಲೆಯ ಮುಂದೆ ಬಗ್ಗಿ, ಅದರ ಬಾಯಿಯನ್ನು ಗೇಣಿನಿಂದ ಅಳೆದ. ಒಂದು ಗೇಣು, ಮೇಲೆ ಎರಡು ಬೆರಳು.

ಪೇಟೆಗೆ ಹೋಗಿ ದೊಡ್ಡದನ್ನು ಕೊಟ್ಟು, ಹತ್ತು ಇಂಚಿನ ಪುಟಾಣಿ ಗರಗಸ ಕೇಳಿದ.

“ಇದು ತೋಟದಾಗ ಸಣ್ಣ ರೆಂಬಿ ಸವರೋದಪಾ” ಅಂದ ಜಂಬಣ್ಣ.

“ದೊಡ್ಡದು ಅಂದ್ರ ಅಹಂಕಾರ ರೀ ಜಂಬಣ್ಣಾರ. ನಾನು ಅದನ್ನ ಬಿಟ್ಟೀನಿ.”

“ಯಾವಾಗ?”

“ನಿನ್ನಿ ಊಟ ಆದಮ್ಯಾಲ.”

ಮಠಕ್ಕೆ ಬಂದವನೇ ಕತ್ತು ತಗ್ಗಿಸಿ, ದನಿ ತಗ್ಗಿಸಿ, ಗರಗಸವನ್ನು ಅಂಗೈಯಲ್ಲಿ ಪ್ರಸಾದದ ಹಾಗೆ ಹಿಡಿದು ಅಜ್ಜಾರಿಗೆ ತೋರಿಸಿದ.

“ಸಣ್ಣವನಾಗೀನ್ರಿ ಅಜ್ಜಾರ.”

“ಹೌದೇನು? ಊರಿಗೆಲ್ಲಾ ಹೇಳ್ಕೊಂತ ಬಂದಂಗೈತಿ.”

ಪುಟಾಣಿ ಗರಗಸ ಮರಕ್ಕೆ ತಾಗಿ ಕಿರ್ರೋ ಎಂದಿತು. ಬೆರಳಷ್ಟು ಒಳಗೆ ಹೋಯಿತು. ಒಣಗಿದ ಹುಣಸೆಯ ಕೆಂಪು ತಿರುಳು ಸಿಕ್ಕಿತು ನೋಡಿ, ಎಂಜಿನ್ ಉಸಿರುಗಟ್ಟಿ ಕೆಮ್ಮಿತು. ಹುಲುಗಪ್ಪ ಮೇಲಿನಿಂದ ಬಲ ಹಾಕಿ ಅದುಮಿದ. ಹೊಗೆ ಎದ್ದಿತು. ಮರ ಕೊಯ್ಯಲಿಲ್ಲ, ಸುಟ್ಟಿತು. ಗರಗಸ ಅಲ್ಲೇ ಕಚ್ಚಿಕೊಂಡು ನಿಂತುಬಿಟ್ಟಿತು.

ಹಂಪಮ್ಮ ಕಿಟಕಿಯಿಂದ ಇಣುಕಿದಳು. “ಅಲ್ಲೇ ಒಲಿ ಹಚ್ಚೀಯೇನೋ ಹುಲುಗಾ? ಅಕ್ಕಿ ತರ್ಲಾ?”

ಅಜ್ಜಾರು ಬಂದು ಕರಿ ಹಿಡಿದ ಗಾಯದ ಮೇಲೆ ಅಂಗೈ ಇಟ್ಟರು.

“ಇದು ಏನು ಮರ?”

“ಹುಣಸಿ ರೀ.”

“ಮೆತ್ತನ ನುಗ್ಗಿ ಅಲ್ಲ, ಹೌದಲ್ಲೋ?”

ಹುಲುಗಪ್ಪ ಗರಗಸದ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಅಂತ ಹೇಳಬಹುದಿತ್ತು, ಹೇಳಲಿಲ್ಲ.

“ದೊಡ್ಡದೂ ತಪ್ಪು, ಸಣ್ಣದೂ ತಪ್ಪು. ನಾಳಿ ಮತ್ತ ನೀವು ಕೊಡ್ಲಿ ಎತ್ತತೀರಿ. ನನ್ನ ದಡ್ಡತನಕ್ಕ ನಿಮ್ಮ ಕೈ ಹೋಗಾಕತ್ತೈತಿ. ಯಾವುದು ತರ್ಲಿ ಅಂತ ಒಂದು ಮಾತು ಹೇಳಿಬಿಡ್ರಿ ಅಜ್ಜಾರ. ನಿಮ್ಮ ಕಾಲಿಗೆ ಬೀಳ್ತೀನಿ.”

ಅಜ್ಜಾರು ಅವನ ಪಕ್ಕ ಕೂತರು.

“ಮರ ಅಳದಿ.”

“ಹೂಂ ರೀ.”

“ಒಲಿ ಅಳದಿ.”

“ಹೂಂ ರೀ.”

“ಇನ್ನೊಂದು ಉಳೀತು.”

“ಯಾವುದ್ರಿ?”

ಅಜ್ಜಾರು ಎದ್ದು ಹೊಳೆಗೆ ಸ್ನಾನಕ್ಕೆ ಹೋದರು.

ಹುಲುಗಪ್ಪ ಕಚ್ಚಿಕೊಂಡಿದ್ದ ಗರಗಸವನ್ನು ಬಿಡಿಸಿಕೊಂಡು ಪೇಟೆಯ ದಾರಿ ಹಿಡಿದ. ಈ ಸಲ ಶಲ್ಯ ಇಲ್ಲ, ಗೇಣಿನ ಲೆಕ್ಕ ಇಲ್ಲ. ಅಂಗಡಿಯಲ್ಲಿ ಒಂದು ಗರಗಸ ಇಳಿಸಿ ಸುಮ್ಮನೆ ಹಿಡಿದು ನಿಂತ. ಇಟ್ಟ. ಇನ್ನೊಂದು ಹಿಡಿದ. ಬಗ್ಗಿ ಹಿಡಿದ, ಎದ್ದು ಹಿಡಿದ, ಪಕ್ಕಕ್ಕೆ ವಾಲಿಸಿ ಹಿಡಿದ.

“ಮಾತಾಡ್ರಿ ಜಂಬಣ್ಣಾರ” ಅಂದ.

“ಏನು ಮಾತಾಡ್ಲಿ?”

“ಏನರ. ನಿಮ್ಮ ಮಗಳ ಮದುವಿ ಕತಿ ಹೇಳ್ರಿ.”

ಜಂಬಣ್ಣನಿಗೆ ಆ ಕತೆ ಹೇಳಲು ಯಾರೂ ಸಿಕ್ಕಿರಲಿಲ್ಲ. ಗಂಡು ನೋಡಲು ಹೋದಲ್ಲಿಂದ ಹಿಡಿದು ಬೀಗರ ಮುನಿಸಿನವರೆಗೆ ಹೇಳಿದ. ಒಂದು ಗರಗಸ ನಿಶ್ಚಿತಾರ್ಥಕ್ಕೇ ಕೈ ಸೋಲಿಸಿತು. ಇನ್ನೊಂದು ಹಗುರ, ಮದುವೆ ಮುಗಿದರೂ ಕೈಯಲ್ಲಿ ನಿಲ್ಲುತ್ತಿತ್ತು, ಆದರೆ ಅದರ ಎಂಜಿನ್ ನೋಡಿ ಹುಲುಗಪ್ಪನೇ ಬೇಡ ಅಂದ. ಹುಣಸೆಯ ತಿರುಳಿಗೆ ಇದು ಕೆಮ್ಮುತ್ತದೆ.

ಮತ್ತೊಂದು ಹದಿನೆಂಟು ಇಂಚಿನದು. ಪಟ್ಟಿ ನಡುತರದ್ದು, ಎಂಜಿನ್ ಮಾತ್ರ ಗಟ್ಟಿ ಎದೆಯದು. ಬೀಗರು ಮುನಿಸು ಬಿಟ್ಟು ಊಟಕ್ಕೆ ಕೂರುವವರೆಗೂ ಕೈ ನಡುಗಲಿಲ್ಲ.

“ಇದು ಸಾಕ್ರಿ.”

“ಮರದ ದಪ್ಪಕ್ಕ ಇದು ಮುಟ್ಟಂಗಿಲ್ಲಲ್ಲಪಾ?”

“ಮುಟ್ಟಲಿಲ್ಲ ಅಂದ್ರ ನಾನು ಆ ಕಡಿ ಹೋಗಿ ಕೊಯ್ತೀನ್ರಿ. ಮರ ಏನು ಓಡಿಹೋಗ್ತೈತಾ?”

ಜಂಬಣ್ಣ ಈ ಸಲ ಗೇಲಿ ಮಾಡಲಿಲ್ಲ. “ಲುಂಗಿ ಬಿಟ್ಟು ಪ್ಯಾಂಟು ಹಾಕ್ಕೊಂಡು ಕೊಯ್ಯಿ” ಅಂದು, ಕಣ್ಣಿಗೊಂದು ಕನ್ನಡಕವನ್ನೂ ಕೊಟ್ಟು ಕಳಿಸಿದ.

ಮರುದಿನ ಹುಲುಗಪ್ಪ ಮೊದಲು ಕೊಂಬೆಗಳಿಗೆ ಕೈ ಹಾಕಿದ. ತೊಡೆ ಗಾತ್ರದ ಕೊಂಬೆಗಳು ಸೌತೆಕಾಯಿಯ ಹಾಗೆ ತುಂಡಾಗಿ ಬಿದ್ದವು. ಅದುಮಬೇಕಾಗಲಿಲ್ಲ, ಗರಗಸದ ಭಾರವೇ ಕೊಯ್ಯುತ್ತಿತ್ತು. ಎಲ್ಲ ತುಂಡೂ ಒಲೆಗೆ ಹಿಡಿಯುವಷ್ಟೇ ಉದ್ದ.

ಬೊಡ್ಡೆಗೆ ಬಂದಾಗ ಪಟ್ಟಿ ಮುಟ್ಟಲಿಲ್ಲ. ಅವನು ಗರಗಸ ಆರಿಸಿ ಮರದ ಆಚೆ ಬದಿಗೆ ಹೋದ. ಅಲ್ಲಿಂದ ಕೊಯ್ದ. ಎರಡೂ ಕೊಯ್ತ ನಡುವೆ ಕೂಡಿದವು. ಬೊಡ್ಡೆ ಧಡ್ಡನೆ ಎರಡಾಯಿತು.

ಅಜ್ಜಾರು ಬಂದು ಕೊಯ್ದ ಮುಖದ ಮೇಲೆ ಬೆರಳಾಡಿಸಿದರು. ಎರಡು ಕೊಯ್ತ ಕೂಡಿದ ಕಡೆ ಸಣ್ಣದೊಂದು ಮೆಟ್ಟಿಲು ಎದ್ದಿತ್ತು.

“ಅಲ್ಲಿ ಒಂದಿಷ್ಟು ಸೊಟ್ಟ ಆಗೈತ್ರಿ” ಅಂದ ಹುಲುಗಪ್ಪ.

“ಬೆಂಕಿಗೆ ಅದೇನು ಗೊತ್ತಾಗ್ತೈತಿ?”

ಅಜ್ಜಾರು ಒಳಗೆ ಹೋದರು. ಕೊಡಲಿ ತಂದರು. ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹುಲುಗಪ್ಪನ ಕೈಗಿಟ್ಟರು.

ಒಳಗೆ ಹಂಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಹುಲುಗಪ್ಪ ಕೊಡಲಿಯನ್ನು ಕಣ್ಣಿಗೊತ್ತಿಕೊಂಡ. ಅಜ್ಜಾರ ಪಾದ ಮುಟ್ಟಿದ. ಮೇಲೆದ್ದವನಿಗೆ ಸಿಟ್ಟು ಬಂತು, ಪ್ರೀತಿ ಇದ್ದ ಕಡೆ ಬರುವಂಥ ಸಿಟ್ಟು.

“ನಿಮಗ ಗೊತ್ತಿತ್ತ್ರಿ ಅಜ್ಜಾರ. ಮೊದಲನೇ ದಿನಾನ ಹೇಳಿಬಿಟ್ಟಿದ್ರ ಇಷ್ಟು ದಿನ ನೀವು ನೋವು ತಿನ್ನೋದು ತಪ್ಪತಿತ್ತು. ಯಾಕ್ರಿ ಹೇಳಲಿಲ್ಲ?”

ಅಜ್ಜಾರು ಸೋತ ರಟ್ಟೆಯನ್ನು ಎಡಗೈಯಿಂದ ಹಗುರಕ್ಕೆ ಒತ್ತಿಕೊಂಡು, ಅವನ ಮುಖ ನೋಡಿ ನಕ್ಕರು.

“ನನ್ನ ತೋಳಿನ ಅಳತಿ ನನಗ ಗೊತ್ತಾಗಿದ್ದು ಅದು ಸೋತ ಮ್ಯಾಲ. ನಿಂದು ನಾ ಹೆಂಗ ಹೇಳ್ಲೋ ಹುಲುಗಾ?”